ಹನ್ನೊಂದು ನಿಮಿಷದ ಸಿಗ್ನಲ್

ಮಾರ್ಚ್ 2, ಭಾನುವಾರ

ಸಾಮಾನು ತರಲು ಪೇಟೆಗೆ ಹೋಗಿದ್ದೆ. ಗುಡ್ಡ ದಾಟಿ ಮೊದಲ ತಿರುವು ಇಳಿಯುತ್ತಿದ್ದಂತೆ ಜೇಬಿನಲ್ಲಿದ್ದ ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಒಂದು ವಾರದ ಮಿಸ್ಡ್ ಕಾಲ್‌ಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಹದಿನಾಲ್ಕು. ಹದಿಮೂರು ಅಕ್ಕನವು, ಒಂದು ಭಾವನದು. ಭಾವ ತಾವಾಗಿ ಫೋನ್ ಮಾಡಿದ್ದು ಈ ಇಪ್ಪತ್ತೆಂಟು ವರ್ಷದಲ್ಲಿ ಎರಡೋ ಮೂರೋ ಸಲ. ಅವರದೇ ಒಂದು ಮೆಸೇಜೂ ಇತ್ತು.

‘ಅಕ್ಕನ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು ಅಂದಿದ್ದಾರೆ. ಆಪರೇಷನ್ 27ಕ್ಕೆ. ಆಮೇಲೆ ಮಾತು ಇರಲ್ಲ. ಅಷ್ಟರೊಳಗೆ ನಿನ್ನ ಹತ್ತಿರ ಮಾತಾಡಬೇಕಂತೆ. ಸಂಜೆ ಐದರ ಹೊತ್ತಿಗೆ ಗಂಟಲು ಸ್ವಲ್ಪ ಬಿಟ್ಟುಕೊಳ್ಳುತ್ತೆ. ಆಗ ಮಾಡು.’

ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು ಮೂರು ಸಲ ಓದಿದೆ. ಆಗ ಹನ್ನೆರಡು ಗಂಟೆ. ಐದರವರೆಗೆ ಪೇಟೆಯಲ್ಲೇ ಕಾಯಬಹುದಿತ್ತು, ಆದರೆ ಕೊಂಡ ಹಾಲು ಬಿಸಿಲಿಗೆ ಕೆಡುತ್ತಿತ್ತು. ಬೀದಿಯ ಗದ್ದಲದಲ್ಲಿ ಇಂಥ ವಿಷಯ ಮಾತಾಡುವುದೂ ಸರಿಯಲ್ಲ. ‘ಇಲ್ಲಿ ಸಿಗ್ನಲ್ ಇಲ್ಲ. ವ್ಯವಸ್ಥೆ ಮಾಡಿಕೊಂಡು ಫೋನ್ ಮಾಡುತ್ತೇನೆ’ ಎಂದು ಬರೆದು ಕಳಿಸಿದೆ. ಮೆಸೇಜು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಪೇಟೆಯಲ್ಲಿ ನಾಲ್ಕೂ ಕಡ್ಡಿ ಇರುತ್ತದೆ.

ಮಾರ್ಚ್ 3, ಸೋಮವಾರ

ಗಾಳಿಯ ತೇವ 61. ಉಕ್ಕಿನ ಬಿಸಿ 29. ಸಿಗ್ನಲ್: ಗಾಡಿಯೊಳಗೆ ಸೊನ್ನೆ, ಮೆಟ್ಟಿಲ ಮೇಲೆ ಸೊನ್ನೆ, ನದಿದಂಡೆಯ ಬಂಡೆಯ ಮೇಲೆ ಒಮ್ಮೆ ಒಂದು ಕಡ್ಡಿ ಬಂದು ಹೋಯಿತು.

ತಪ್ಪು ಗಾಡಿಯದೂ ಹೌದು. ಹಳೆಯ ಮಿನಿಬಸ್ಸಿನ ಸೀಟು ಕಿತ್ತು ಮಂಚ, ಒಲೆ, ಮೇಜು ಕೂರಿಸಿ ನಾನೇ ಕಟ್ಟಿಕೊಂಡ ಮನೆ ಇದು. ಸುತ್ತ ತಗಡು. ತಗಡಿನ ಡಬ್ಬಿಯೊಳಗೆ ಕೂತವನಿಗೆ ಹೊರಗಿನ ಅಲೆ ಎಲ್ಲಿಂದ ಮುಟ್ಟಬೇಕು? ಆರು ವರ್ಷದಿಂದ ಸೇತುವೆಯಿಂದ ಸೇತುವೆಗೆ ಈ ಗಾಡಿಯಲ್ಲೇ ಹೋಗುತ್ತಿದ್ದೇನೆ. ಈ ಸಲ ಸಿಕ್ಕಿರುವುದು ಎರಡು ಗುಡ್ಡಗಳ ನಡುವಿನ ಕಬ್ಬಿಣದ ರೈಲು ಸೇತುವೆ. ತುಕ್ಕು ಕೆರೆದು ಹೊಸದಾಗಿ ಬಣ್ಣ ಬಳಿಯುವ ನಾಲ್ಕು ತಿಂಗಳ ಕೆಲಸ. ಬಣ್ಣ ಹಚ್ಚಲು ಗಾಳಿ ಹದವಾಗಿದೆಯೇ, ಬಳಿದದ್ದು ಎಷ್ಟು ದಪ್ಪ ಕೂತಿದೆ ಎಂದು ಅಳೆದು ಸಹಿ ಹಾಕುವುದು ನನ್ನ ಪಾಲು. ಕೆಲಸದವರು ‘ಬಣ್ಣದ ಸಾಹೇಬರು’ ಎನ್ನುತ್ತಾರೆ.

ಮೇಸ್ತ್ರಿಗೆ ಅಕ್ಕನ ವಿಷಯ ಹೇಳಿದೆ. ‘ರಜೆ ತಗೊಳ್ಳಿ ಸಾರ್, ನಾಲ್ಕು ದಿನ ನಾನು ನೋಡ್ಕೋತೀನಿ’ ಎಂದ. ಎರಡನೇ ಕೋಟು ಮುಗಿಯುವ ತನಕ ಆಗುವುದಿಲ್ಲ ಎಂದೆ.

‘ಹಾಗಾದ್ರೆ ಸೇತುವೆ ಮೇಲೆ ಹತ್ತಿ ಮಾತಾಡಿ. ಮೇಲಿನ ಕಮಾನಿನ ಹತ್ರ ಚೆನ್ನಾಗಿ ಸಿಗುತ್ತೆ. ನಮ್ಮೋರೆಲ್ಲ ಮನೆಗೆ ಅಲ್ಲಿಂದಾನೇ ಮಾಡೋದು.’

ಎತ್ತರದಲ್ಲಿ ಫೋನ್ ಬಳಸಬಾರದೆಂಬ ನಿಯಮ ಗೋಡೆಗೆ ಅಂಟಿಸಿದವನು ನಾನು. ಅದನ್ನು ನೆನಪಿಸಿದೆ. ಮೇಸ್ತ್ರಿ ತಲೆ ಕೆರೆದುಕೊಂಡು ಹೋದ.

ಮಾರ್ಚ್ 5, ಬುಧವಾರ

ತೇವ 64. ಸಿಗ್ನಲ್ ಸೊನ್ನೆ.

ಸೈಟ್ ಆಫೀಸಿನಲ್ಲಿ ವೈಫೈ ಇದೆ. ಮುನ್ನೂರು ಮೀಟರ್ ದೂರ. ಕಿಟಕಿಯ ಹೊರಗೆ ಪುಟ್ಟ ರಿಸೀವರ್ ಕಟ್ಟಿ, ಅದರ ತಂತಿಯನ್ನು ಒಳಗಿನ ಲ್ಯಾಪ್‌ಟಾಪಿಗೆ ಎಳೆದೆ. ಮೂರು ಗಂಟೆಗೆ ಹವಾಮಾನದ ಪುಟವೆಲ್ಲ ಸರಾಗವಾಗಿ ತೆರೆದುಕೊಂಡಿತು. ಗೆದ್ದೆ ಅಂದುಕೊಂಡೆ. ಐದಕ್ಕೆ ಪಾಳಿ ಬಿಟ್ಟಿತು. ಅರವತ್ತು ಜನ ಕೈಕಾಲು ತೊಳೆದು, ಅರವತ್ತು ಫೋನುಗಳಲ್ಲಿ ಸಿನಿಮಾ ಹಚ್ಚಿಕೊಂಡರು. ನನ್ನ ಕರೆ ‘ಸಂಪರ್ಕಿಸಲಾಗುತ್ತಿದೆ’ ಎಂಬಲ್ಲೇ ಉಳಿಯಿತು.

ಮಾರ್ಚ್ 9, ಭಾನುವಾರ

ಪೇಟೆಗೆ ಹೋಗಲಿಲ್ಲ. ಲಾರಿಯವನಿಗೆ ಚೀಟಿ ಕೊಟ್ಟು ಸಾಮಾನು ತರಿಸಿದೆ. ಸಿಗ್ನಲ್ ಕೆಲಸಕ್ಕೆ ಒಂದು ಪೂರ್ತಿ ದಿನ ಬೇಕಿತ್ತು.

ನದಿ ತಿರುಗುವಲ್ಲಿ ಇನ್ನೊಂದು ಮನೆಗಾಡಿ ನಿಂತಿದೆ. ಅದರೊಳಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಕಂಬ ಹತ್ತಿದವರಂತೆ. ಕೆಲಸದವರು ಅವರಿಗೆ ‘ಕೇಬಲ್ ಮೇಡಂ’ ಎಂದು ಹೆಸರಿಟ್ಟಿದ್ದಾರೆ. ನಾನು ಗಾಡಿಯ ನೆತ್ತಿಯ ಮೇಲೆ ಬಿದಿರುಗಳನ್ನು ಕಟ್ಟಿ ಫೋನನ್ನು ಮೇಲೆತ್ತುತ್ತಿದ್ದುದನ್ನು ಒಂದು ಗಂಟೆ ನೋಡಿದ ಮೇಲೆ ಅವರೇ ಎದ್ದು ಬಂದರು.

‘ಟವರ್ ಯಾವ ದಿಕ್ಕಿಗಿದೆ?’

ಗೊತ್ತಿಲ್ಲ ಎಂದೆ.

‘ಯಾರ ಮನೆ ಅಂತ ಗೊತ್ತಿಲ್ಲದೆ ಬಾಗಿಲು ತಟ್ತಾ ಇದ್ದೀರಿ. ಇಳೀರಿ ಕೆಳಗೆ.’

ಅವರಿಂದ ತಿಳಿದದ್ದು: ಕಡ್ಡಿ ನೋಡಿ ಮೋಸ ಹೋಗಬಾರದು, ಫೋನಿನೊಳಗೆ ಅಡಗಿರುವ ಅಂಕಿಯನ್ನು ನೋಡಬೇಕು. ಅದು ಮೈನಸ್ಸಿನಲ್ಲಿರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ನನ್ನ ಗಾಡಿಯ ಬಳಿ ಮೈನಸ್ 121, ಅಂದರೆ ಸತ್ತ ಹಾಗೆ. ನೂರರ ಈಚೆಗೆ ಬಂದರೆ ಮಾತಾಡಬಹುದು. ಟವರ್ ಇರುವುದು ಪೇಟೆಯ ಆಚೆ. ಎರಡು ಗುಡ್ಡಗಳ ನಡುವೆ ಒಂದು ಸಣ್ಣ ಸಂದಿ ಕಾಣುತ್ತದಲ್ಲ, ಆಂಟೆನಾ ಅಲ್ಲಿಗೇ ಮುಖ ಮಾಡಬೇಕು.

ಆಂಟೆನಾ, ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಎರಡನ್ನೂ ತರಿಸಲು ಪಟ್ಟಿ ಬರೆದುಕೊಟ್ಟರು. ಯಾರಿಗೆ ಇಷ್ಟು ಅವಸರದ ಫೋನು ಎಂದು ಕೇಳಿದರು. ಅಕ್ಕನಿಗೆ ಎಂದೆ.

ಮಾರ್ಚ್ 11, ಮಂಗಳವಾರ

ಗಾಡಿಯನ್ನು ನಲವತ್ತು ಮೀಟರ್ ಮೇಲಕ್ಕೆ ತಂದು ನಿಲ್ಲಿಸಿದೆ. ಮೈನಸ್ 113. ಮಂಚ ಈಗ ಓರೆ. ರಾತ್ರಿಯಿಡೀ ಗೋಡೆಗೆ ಜಾರುತ್ತೇನೆ.

ಮಾರ್ಚ್ 14, ಶುಕ್ರವಾರ

ತೇವ 70. ಲಾರಿಯಲ್ಲಿ ಆಂಟೆನಾ ಬಂತು. ಮೀನಿನ ಮುಳ್ಳಿನ ಹಾಗಿದೆ. ಗೋಡೆಗೆ ಬಣ್ಣ ಬಳಿಯುವ ರೋಲರಿನ ಉದ್ದ ಹಿಡಿಗಳನ್ನು ಒಂದಕ್ಕೊಂದು ಸೇರಿಸಿ ಆರು ಮೀಟರಿನ ಕಂಬ ಮಾಡಿದೆ. ಬೂಸ್ಟರ್ ಹಚ್ಚಿದೆ. ಕೆಂಪು ದೀಪ ಮಿಟುಕಿತು, ಅಂಕಿ ಇನ್ನೂ ಕೆಟ್ಟಿತು.

ಕೇಬಲ್ ಮೇಡಂ ಬಂದು ಒಳಗೆ ಇಣುಕಿದವರೇ ನಕ್ಕರು. ಇಪ್ಪತ್ತು ಮೀಟರ್ ಕೇಬಲ್ಲಿನಲ್ಲಿ ಬೇಕಾದದ್ದು ಹತ್ತು, ಉಳಿದದ್ದನ್ನು ನಾನು ಸುರುಳಿ ಸುತ್ತಿ ಮಂಚದಡಿ ತುರುಕಿದ್ದೆ. ‘ಸಿಕ್ಕಿದ್ದರಲ್ಲಿ ಅರ್ಧ ಈ ಸುರುಳೀನೇ ತಿಂದು ತೇಗುತ್ತೆ. ಕತ್ತರಿಸಿ.’ ಇನ್ನೊಂದು ತಪ್ಪು, ಬೂಸ್ಟರಿನ ಜೊತೆ ಬಂದ, ಗಾಡಿಯೊಳಗಿಡುವ ಸಣ್ಣ ಆಂಟೆನಾ ಹೊರಗಿನದಕ್ಕೆ ತೀರ ಹತ್ತಿರವಿತ್ತು. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕೀ ಅನ್ನುವುದಿಲ್ಲವೇ, ಹಾಗೆ ಬೂಸ್ಟರು ತನ್ನ ಧ್ವನಿಯನ್ನೇ ತಾನು ಕೇಳಿಸಿಕೊಂಡು ಗಾಬರಿಯಾಗುತ್ತದಂತೆ. ‘ದೂರ ದೂರ ಇಡಿ. ನಡುವೆ ತಗಡಿರಲಿ. ನಿಮ್ಮ ಗಾಡಿ ಈ ಒಂದು ವಿಷಯಕ್ಕಾದ್ರೂ ಉಪಯೋಗಕ್ಕೆ ಬಂತು.’

ಒಳಗಿನದನ್ನು ಡ್ರೈವರ್ ಸೀಟಿನ ಬೆನ್ನಿಗೆ ಕಟ್ಟಿದೆ. ಮೈನಸ್ 106. ಕತ್ತಲಾಯಿತು.

ಮಾರ್ಚ್ 16, ಭಾನುವಾರ

ಇವತ್ತೂ ಲಾರಿಯವನಿಗೇ ಚೀಟಿ. ಬೀಸುವ ಗಾಳಿಗೆ ಕಂಬ ತಿರುಗಿ ಆಂಟೆನಾ ಗುಡ್ಡವನ್ನೇ ನೋಡುತ್ತಿತ್ತು. ಮೂರು ಕಡೆಯಿಂದ ಹಗ್ಗ ಬಿಗಿದೆ. ಕೈ ತುಂಬ ಬೊಬ್ಬೆ.

ಅಕ್ಕ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದಳು. ಹಿಂಬಾಗಿಲಿನಿಂದ ಅವಳು ಒಂದು ಮಾತು ಎಸೆದರೆ ಮುಂದಿದ್ದ ಡ್ರೈವರನ ಕಿವಿಗೆ ಹೋಗಿ ಮುಟ್ಟುತ್ತಿತ್ತು. ಸಂತೆ ಹೊತ್ತಿನ ಬಸ್ಸಿನಲ್ಲೂ ಅಷ್ಟೇ. ಯಾಕೋ ಬರೆಯಬೇಕೆನಿಸಿತು.

ಮಾರ್ಚ್ 18, ಮಂಗಳವಾರ

ಮೈನಸ್ 103. ಕರೆ ಹೋಗುತ್ತದೆ, ಎರಡು ರಿಂಗಿಗೆ ಕಡಿದು ಬೀಳುತ್ತದೆ. ಕಂಬಕ್ಕೆ ಇನ್ನೊಂದು ಹಿಡಿ ಸೇರಿಸುತ್ತಿದ್ದೆ. ಕೇಬಲ್ ಮೇಡಂ ಕಂಬದ ಬುಡ ಹಿಡಿದುಕೊಂಡು ನಿಂತಿದ್ದರು. ಆಪರೇಷನ್ ವಿಷಯ ಮೇಸ್ತ್ರಿಯಿಂದ ಅವರ ಕಿವಿಗೂ ಬಿದ್ದಿದೆ.

‘ಅಕ್ಕನ ಊರಿಗೆ ರೈಲಲ್ಲಿ ಎಷ್ಟು ಹೊತ್ತು?’

‘ಏಳು ಗಂಟೆ.’

‘ಒಂಬತ್ತು ದಿನದಿಂದ ಈ ಕಂಬ ಹಿಡ್ಕೊಂಡು ನಿಂತಿದ್ದೀನಿ ನಾನು.’

ಅಷ್ಟೇ ಹೇಳಿದರು. ನಾನು ನಟ್ಟು ಬಿಗಿಯುತ್ತ ಹೋದೆ. ಎರಡನೇ ಕೋಟಿನ ಮಾತು ಅವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಎರಡನೇ ಕೋಟು ನಿನ್ನೆಯೇ ಮುಗಿದಿದೆ.

ಮಾರ್ಚ್ 19, ಬುಧವಾರ

ಗಾಳಿಯ ತೇವ ಅಳೆಯಲು ಮರೆತೆ. ಮೇಸ್ತ್ರಿ ಅಳೆದು ಬರೆದಿಟ್ಟಿದ್ದ.

ಈ ಪುಸ್ತಕ ನಾನಲ್ಲದೆ ಬೇರೆ ಯಾರೂ ಓದುವುದಿಲ್ಲ. ಬರೆದುಬಿಡುತ್ತೇನೆ.

ನನ್ನವಳು ಬಿಟ್ಟುಹೋದ ಮೇಲೆ ಅಕ್ಕ ದಿನಾ ಫೋನ್ ಮಾಡತೊಡಗಿದಳು. ಅಕ್ಕನ ಫೋನೆಂದರೆ ಮುಕ್ಕಾಲು ಗಂಟೆ. ಯಾವ ರೂಟಿನ ಬಸ್ಸು ಕೆಟ್ಟಿತು, ಎದುರುಮನೆಯವರ ಮಗಳು ಯಾರ ಜೊತೆ ಮಾತಾಡುತ್ತಾಳೆ, ಭಾವನ ಮಂಡಿನೋವು. ಕಡೆಗೆ ಒಂದೇ ಮಾತು: ಮಹಡಿಯ ಕೋಣೆ ಖಾಲಿ ಇದೆ, ಬಂದುಬಿಡು ಪುಟ್ಟ. ಐವತ್ತನಾಲ್ಕಾದರೂ ನಾನವಳಿಗೆ ಪುಟ್ಟನೇ. ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ತಟ್ಟೆ ತೊಳೆಯುತ್ತಿದ್ದೆ. ಆಮೇಲೆ ಫೋನು ರಿಂಗಾಗುವುದನ್ನು ನೋಡುತ್ತ ಕೂರುತ್ತಿದ್ದೆ. ಮರುದಿನ ‘ಸಿಗ್ನಲ್ ಇರ್ಲಿಲ್ಲ ಅಕ್ಕ’ ಅಂದರೆ ಆಯಿತು. ಗಾಡಿಯಲ್ಲಿರುವವನು, ನಂಬುವಂಥ ಮಾತೇ.

ಅವಳು ನಿವೃತ್ತಿಯಾದ ದಿನ ಡಿಪೋದವರು ಕೊನೆಯ ಟ್ರಿಪ್ಪಿಗೆ ಮನೆಯವರನ್ನೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡರಂತೆ. ಒಂದು ತಿಂಗಳ ಮುಂಚೆಯೇ ನನಗೆ ಹೇಳಿದ್ದಳು. ಆ ದಿನ ನಾನು ಎರಡು ಗಂಟೆ ದೂರದಲ್ಲಿದ್ದೆ. ರಜೆಯೂ ಇತ್ತು. ಹೋದರೆ ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳುತ್ತಾರೆ, ಹೆಂಡತಿ ಎಲ್ಲಿ ಅನ್ನುತ್ತಾರೆ ಎಂದು ಹೋಗಲಿಲ್ಲ. ಗಾಡಿಯಲ್ಲಿ ಕೂತು ಹಳೆಯ ಪೇಪರ್ ಓದಿದೆ. ಫೋನು ಆರು ಸಲ ರಿಂಗಾಯಿತು. ಬಸ್ಸು ಹೊರಡುವುದನ್ನು ಹತ್ತು ನಿಮಿಷ ತಡ ಮಾಡಿದ್ದರಂತೆ, ಭಾವ ಹೇಳಿದ್ದು.

ಈಗ ಮಾತಾಡಿದರೆ ಅವಳು ಅದನ್ನೇ ಕೇಳುತ್ತಾಳೆ ಅನ್ನಿಸುತ್ತದೆ.

ಮಾರ್ಚ್ 22, ಶನಿವಾರ

ಸಿಕ್ಕಿತು. ಮೈನಸ್ 92.

ಏಳೂವರೆ ಮೀಟರ್ ಎತ್ತರ, ಸಂದಿಯ ಎಡಗಡೆಯ ಒಂಟಿ ಮರಕ್ಕೆ ಗುರಿ. ಸರಿಯಾಗಿ ಐದಕ್ಕೆ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ನನಗೆ ಮೊದಲು ಅವಳೆಂದು ತಿಳಿಯಲಿಲ್ಲ. ಮರಳುಕಾಗದದಿಂದ ತುಕ್ಕು ಉಜ್ಜುವ ಸದ್ದಿನ ಹಾಗಿತ್ತು.

‘ಪುಟ್ಟ. ಎಷ್ಟು ಚೆನ್ನಾಗಿ ಕೇಳಿಸ್ತಿದೆ. ಎಲ್ಲಿಂದ ಮಾಡ್ತಿದ್ದೀಯಾ?’

‘ಗಾಡಿಯಿಂದಾನೇ ಅಕ್ಕ, ಮಂಚದ ಮೇಲೆ ಕೂತ್ಕೊಂಡು’ ಎಂದೆ. ಅಲ್ಲಿಂದ ನನ್ನ ಬಾಯಿ ನಿಲ್ಲಲಿಲ್ಲ. ತಗಡಿನ ಕಥೆ, ವೈಫೈ ಕಥೆ, ಮೇಡಂ, ಕೇಬಲ್ ಸುರುಳಿ, ಮೀನಿನ ಮುಳ್ಳಿನಂಥ ಆಂಟೆನಾ, ಬೂಸ್ಟರ್ ತನ್ನ ಧ್ವನಿಗೆ ತಾನೇ ಗಾಬರಿಯಾದದ್ದು. ಅದಕ್ಕೆ ನಕ್ಕಳು, ನಗುವಿನ ಬದಲು ಕೆಮ್ಮು ಬಂತು. ‘ಹೌದಾ? ಆಮೇಲೆ?’ ಎನ್ನುತ್ತಿದ್ದಳು. ನಾನು ಒಂದು ಉಸಿರು ಬಿಟ್ಟೆನೆಂದರೆ ಅವಳು ಬೇರೇನಾದರೂ ಕೇಳಿಬಿಡುತ್ತಾಳೆ ಎಂದು ಮತ್ತೆ ಶುರು ಮಾಡುತ್ತಿದ್ದೆ.

ನಡುವೆ ಒಮ್ಮೆ, ‘ಪುಟ್ಟ, ಇಲ್ಲಿ ಕೇಳು, ನಾನು ನಿನಗೆ...’ ಎಂದಳು. ಅಷ್ಟರಲ್ಲಿ ಕರಕರ ಸದ್ದು ಬಂತು. ‘ಇರು ಅಕ್ಕ, ಒಂದೇ ನಿಮಿಷ, ಕಂಬ ಒಂಚೂರು ತಿರುಗಿಸ್ತೀನಿ’ ಎಂದು ಹೊರಗೆ ಓಡಿದೆ. ಹಗ್ಗ ಬಿಗಿದು ಬರುವಷ್ಟರಲ್ಲಿ ಭಾವನ ಧ್ವನಿ. ‘ಗಂಟಲು ಕಟ್ಟಿಕೊಳ್ತು ಕಣಪ್ಪಾ. ನಾಳೆ ಇದೇ ಹೊತ್ತಿಗೆ ಮಾಡು. ತುಂಬ ಖುಷಿಪಟ್ಟಳು.’

ಹನ್ನೊಂದು ನಿಮಿಷ ಮಾತಾಡಿದೆವು. ನಾಳೆ ಅವಳನ್ನೇ ಮಾತಾಡಲು ಬಿಡಬೇಕು. ಕೇಬಲ್ ಮೇಡಂಗೆ ಹೋಗಿ ಹೇಳಿದೆ. ‘ಏನು ಮಾತಾಡಿದ್ರು?’ ಎಂದು ಕೇಳಿದರು.

ಮಾರ್ಚ್ 23, ಭಾನುವಾರ

ಐದಕ್ಕೆ ಮಾಡಿದೆ. ಯಾರೂ ಎತ್ತಲಿಲ್ಲ. ಐದೂಕಾಲಿಗೆ, ಐದೂವರೆಗೆ. ಸಿಗ್ನಲ್ ಚೆನ್ನಾಗಿಯೇ ಇತ್ತು. ಆರಕ್ಕೆ ಭಾವನೇ ಮಾಡಿದರು.

‘ಬೆಳಗ್ಗೆ ಉಸಿರೇ ಸಿಗದ ಹಾಗಾಯ್ತು. ಓಡಿಸ್ಕೊಂಡು ಆಸ್ಪತ್ರೆಗೆ ಬಂದ್ವಿ. ಕುತ್ತಿಗೆಗೆ ತೂತು ಮಾಡಿ ನಳಿಗೆ ಹಾಕಿದ್ದಾರೆ. ಪ್ರಾಣಕ್ಕೇನೂ ಇಲ್ಲ. ಆದ್ರೆ ಇನ್ನು ಮಾತು ಬರಲ್ಲ. ಆಪರೇಷನ್ ಗುರುವಾರಾನೇ.’

ಒಂದು ಶಬ್ದವೂ ಬಿಡದ ಹಾಗೆ ಎಲ್ಲ ಕೇಳಿಸಿತು. ಅವರ ಹಿಂದೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದದ್ದೂ ಕೇಳಿಸಿತು.

ಮಾರ್ಚ್ 24, ಸೋಮವಾರ

ಹನ್ನೊಂದು ನಿಮಿಷದಲ್ಲಿ ಅವಳು ಆಡಿದ ಮಾತುಗಳನ್ನು ನೆನಪಿದ್ದಷ್ಟು ಬರೆದಿಡೋಣ ಎಂದು ಕೂತೆ. ನಾಲ್ಕು ಸಾಲಿಗೆ ಮುಗಿಯಿತು. ಉಳಿದದ್ದೆಲ್ಲ ನನ್ನದೇ.

ರಾತ್ರಿ ಹತ್ತು ಗಂಟೆಯ ರೈಲು.

ಮಾರ್ಚ್ 25, ಮಂಗಳವಾರ

ವಾರ್ಡಿನಲ್ಲಿ ಆರು ಮಂಚ. ಅಕ್ಕನದು ಕಿಟಕಿಯ ಪಕ್ಕ. ಒಂದೂವರೆ ವರ್ಷದ ಮೇಲೆ ನೋಡುತ್ತಿದ್ದೇನೆ. ಇಷ್ಟು ಸಣ್ಣಗೆ ಇದ್ದಳೇ ಇವಳು? ಕುತ್ತಿಗೆಯ ನಳಿಗೆಯಲ್ಲಿ ಉಸಿರು ಸಿಳ್ಳೆ ಹಾಕುತ್ತದೆ. ಭಾವ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು. ಯಾರಿಗೆ ಎಂದು ಅವರಿಗೇ ಗೊತ್ತಿರಲಿಲ್ಲ, ಅವಳು ನುಂಗುವ ಹಾಗಿಲ್ಲ.

ಮಕ್ಕಳು ಗೀಚುವ ಬಿಳಿ ಹಲಗೆ ಒಂದು ಕೊಟ್ಟಿದ್ದಾರೆ, ಒರೆಸಿ ಒರೆಸಿ ಬರೆಯುವಂಥದು. ನನ್ನನ್ನು ನೋಡಿ ಕೈ ಚಾಚಿ ಅದನ್ನು ಎಳೆದುಕೊಂಡಳು. ಆ ಕೊನೆಯ ಟ್ರಿಪ್ಪಿನ ಪ್ರಶ್ನೆ ಈಗ ಬಂತು ಅಂದುಕೊಂಡೆ.

‘ಆಂಟೆನಾ ಗಾಳಿಗೆ ಬೀಳಲಿಲ್ಲ ತಾನೆ?’ ಎಂದು ಬರೆದಿದ್ದಳು.

ಇಲ್ಲ ಎಂದೆ. ಹೊರಗೆ ಹೋಗಿ ಕೈ ತೊಳೆಯುವ ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಹೇಳಬೇಕಾದದ್ದು ಬಾಯಿಯವರೆಗೆ ಬಂದಿದೆ. ಆಪರೇಷನ್‌ಗೆ ಮುಂಚೆ ಬೇಡ, ಅವಳ ಮನಸ್ಸು ಕೆಡಿಸಬಾರದು ಎಂದು ಸುಮ್ಮನಿದ್ದೇನೆ. ಇದೂ ಹಾಲು ಕೆಡುವ ಹಾಗಿನ ಕಾರಣವೇ ಇರಬಹುದು.

ಮಾರ್ಚ್ 27, ಗುರುವಾರ

ಒಳಗೆ ಕರೆದುಕೊಂಡು ಹೋಗಿದ್ದು ಎಂಟಕ್ಕೆ. ಹೊರಗೆ ಬಂದದ್ದು ಎರಡೂವರೆಗೆ. ಚೆನ್ನಾಗಿ ಆಯಿತಂತೆ.

ಅಷ್ಟೂ ಹೊತ್ತು ಭಾವ ಮಾತಾಡಿದರು. ಇಷ್ಟು ವರ್ಷ ಅವರು ಮಿತಭಾಷಿ ಎಂದುಕೊಂಡಿದ್ದೆ. ಮನೆಯಲ್ಲಿ ಮಾತಾಡಲು ಅವಕಾಶ ಸಿಕ್ಕಿರಲಿಲ್ಲ ಅಷ್ಟೇ ಎಂದು ಅವರೇ ಹೇಳಿದರು. ಹೇಳಿ ನಗಲು ಹೋದರು, ಆಗಲಿಲ್ಲ.

ಏಪ್ರಿಲ್ 12, ಶನಿವಾರ

ಅಕ್ಕ ಮನೆಗೆ ಬಂದು ನಾಲ್ಕು ದಿನ. ಮಹಡಿಯ ಕೋಣೆಯಲ್ಲಿದ್ದೇನೆ. ಸೇತುವೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಬರೆದು ಕಳಿಸಿದೆ. ಗಾಡಿಯ ಮೇಲೊಂದು ಕಣ್ಣಿಟ್ಟಿದ್ದೇನೆ ಎಂದು ಕೇಬಲ್ ಮೇಡಂ ಮೆಸೇಜು ಹಾಕಿದ್ದಾರೆ. ಅವರೊಬ್ಬರೇ ಅಲ್ಲ, ಈಗ ಕೆಲಸದವರೂ ಸಂಜೆ ಸಾಲಾಗಿ ನನ್ನ ಬಾಗಿಲಿನಲ್ಲಿ ಕೂತು ಮನೆಗೆ ಫೋನ್ ಮಾಡುತ್ತಾರಂತೆ.

ಮಧ್ಯಾಹ್ನ ಭಾವ ಔಷಧಿ ತರಲು ಹೋಗಿದ್ದರು. ಅಕ್ಕ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕುತ್ತಿಗೆಯ ತೂತಿನ ಸುತ್ತ ಹತ್ತಿಯಿಂದ ಒರೆಸಿ ಹೊಸ ಬಟ್ಟೆ ಕಟ್ಟುವುದನ್ನು ನರ್ಸ್ ನನಗೂ ಕಲಿಸಿದ್ದಾರೆ. ಅದನ್ನು ಮಾಡುತ್ತ, ಅವಳ ಕಣ್ಣು ನೋಡದೆ ಹೇಳಿದೆ.

‘ಅಕ್ಕ, ಸಿಗ್ನಲ್ ಇರ್ಲಿಲ್ಲ ಅಂತಿದ್ನಲ್ಲ. ಎಷ್ಟೋ ಸಲ ಇರ್ತಿತ್ತು. ನಾನೇ ಎತ್ತುತ್ತಿರ್ಲಿಲ್ಲ. ನಿನ್ನ ಕೊನೇ ಟ್ರಿಪ್ಪಿನ ದಿನಾನೂ ಇತ್ತು.’

ಕುತ್ತಿಗೆಗೆ ಬಟ್ಟೆ ಕಟ್ಟಿ ಮುಗಿಯುವ ತನಕ ಅಲ್ಲಾಡದೆ ಕೂತಿದ್ದಳು. ಆಮೇಲೆ ಹಲಗೆ ತೆಗೆದುಕೊಂಡಳು.

‘ಗೊತ್ತಿತ್ತು.’

‘ಹೇಗೆ?’

‘ರಿಂಗ್ ಆಗ್ತಿತ್ತಲ್ಲ. ಸಿಗ್ನಲ್ ಇಲ್ಲದ ಫೋನು ರಿಂಗ್ ಆಗಲ್ಲ.’

ನನ್ನ ಮುಖ ನೋಡಿ, ಒರೆಸಿ, ಮತ್ತೆ ಬರೆದಳು. ‘ಪಾಸು ಮನೇಲಿ ಮರೆತೆ ಅನ್ನೋರನ್ನ ಮೂವತ್ತು ವರ್ಷ ನೋಡಿದ್ದೀನಿ.’ ಅವಳ ಭುಜ ಕುಲುಕಿತು. ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸದ್ದಿಲ್ಲದ ಅವಳ ನಗು ನನಗೆ ಗೊತ್ತಿರಲಿಲ್ಲ.

‘ಮತ್ತೆ ಯಾಕೆ ದಿನಾ ಮಾಡ್ತಿದ್ದೆ?’

ಪೆನ್ನು ಹಿಡಿದು ಯೋಚಿಸಿದಳು. ಬರೆದು ನನ್ನ ಕಡೆ ತಿರುಗಿಸಿದಳು.

‘ಒಂದೊಂದು ದಿನ ಎತ್ತುತ್ತಿದ್ದೆ ನೀನು.’

ನಾನು ಅದನ್ನು ಇನ್ನೊಂದು ಸಲ ಓದಬೇಕೆಂದಿದ್ದೆ. ಅಷ್ಟರಲ್ಲಿ ಅಂಗೈಯಿಂದ ಒರೆಸಿಬಿಟ್ಟಳು. ಎದುರುಮನೆಯವರ ಮಗಳ ವಿಷಯ ಏನೋ ಹೇಳುವುದಿತ್ತು ಅವಳಿಗೆ. ಹಲಗೆ ಚಿಕ್ಕದು, ಜಾಗ ಸಾಲುತ್ತಿರಲಿಲ್ಲ.